ಉಬ್ಬಸ, ಡಸ್ಟ್ ಅಲರ್ಜಿ ಇರುವವರ ಮನೆಯಲ್ಲಿ ಗಾಳಿ ಹೇಗೆ ಓಡಾಡಬೇಕು: ಮೈಸೂರು-ಮಂಡ್ಯದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಕಿಟಕಿ ತೆಗೆದಿಟ್ಟರೆ ಮನೆಗೆ ಗಾಳಿ ಬಂದ ಹಾಗೇ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕೋಣೆಗೆ ಒಂದೇ ಕಿಟಕಿ ಇದ್ದು, ಬಾಗಿಲು ಹಾಕಿದ್ದರೆ, ಹೊರಗೆ ಆಷಾಢದ ಗಾಳಿ ಎಷ್ಟೇ ಜೋರಾಗಿ ಬೀಸಿದರೂ ಒಳಗಿನ ಗಾಳಿ ಅಲ್ಲೇ ನಿಂತಿರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ. ಇನ್ನು ಕೆಲವರು ಬೆಳಗಿನ ಗಾಳಿ ಒಳ್ಳೆಯದು ಅಂತ ಆರೂವರೆಗೇ ಎಲ್ಲ ಕಿಟಕಿ ತೆಗೆಯುತ್ತಾರೆ. ಬೀದಿ ಕೊನೆಯಲ್ಲಿ ಗುಡಿಸಿ ಗುಡ್ಡೆ ಹಾಕಿ ಸುಡುತ್ತಿರುವ ಒಣ ಎಲೆಯ ಹೊಗೆ ಸೀದಾ ಮಗು ಮಲಗಿರುವ ಕೋಣೆಗೆ ಬರುತ್ತದೆ.

ಹಾಗಾಗಿ ಈ ಕೆಲಸದಲ್ಲಿ ನೋಡಬೇಕಾದ್ದು ಮೂರು. ಹೊಗೆ, ಹಬೆ ಎಲ್ಲಿ ಹುಟ್ಟುತ್ತದೋ ಅಲ್ಲೇ ಅದನ್ನು ಹೊರಗೆ ತಳ್ಳಬೇಕು. ಗಾಳಿಗೆ ಬರುವ ದಾರಿ, ಹೋಗುವ ದಾರಿ ಎರಡೂ ಇರಬೇಕು. ಕಿಟಕಿಯನ್ನು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಗೊತ್ತಿರಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಬಹುಪಾಲು ಅಭ್ಯಾಸದ ವಿಷಯ.

ಶುರು ಮಾಡುವ ಮುಂಚೆ ಒಂದು ಮಾತು. ಮನೆಯ ಗಾಳಿ ಸರಿ ಮಾಡಿಕೊಳ್ಳುವುದು ಇನ್ಹೇಲರ್‌ಗೆ ಬದಲಿ ಅಲ್ಲ. ಡಾಕ್ಟರ್ ಕೊಟ್ಟ ಔಷಧಿ ಹಾಗೇ ನಡೆಯಲಿ, ಡೋಸ್ ಇಳಿಸುವುದು ಅವರ ಕೆಲಸ. ‘ಪಂಪ್ ಅಭ್ಯಾಸ ಆಗಿಬಿಡುತ್ತೆ, ಬಿಡಿಸಿ’ ಎನ್ನುವ ನೆಂಟರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ, ಅವರಿಗೆ ಕಾಫಿ ಕೊಟ್ಟು ಕಳಿಸಿ. ಒಂದು ಮಾತು ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ಅಥವಾ ಉಗುರು ನೀಲಿಗಟ್ಟುವುದು, ಪಂಪ್ ಹಾಕಿಕೊಂಡರೂ ಇಳಿಯದ ದಮ್ಮು, ಇದರಲ್ಲಿ ಯಾವುದು ಕಂಡರೂ ತಡ ಮಾಡದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ.

ಮೊದಲು ನಿಮ್ಮ ಮನೆಯನ್ನು ಪರೀಕ್ಷೆ ಮಾಡಿ

ಒಂದು ಟಿಶ್ಯೂ ಪೇಪರನ್ನು ಉದ್ದಕ್ಕೆ ಬೆರಳಗಲದ ಪಟ್ಟಿಯಾಗಿ ಹರಿದುಕೊಳ್ಳಿ. ನೀವು ದಿನಾ ಇಡುವ ಹಾಗೇ ಕಿಟಕಿ ಬಾಗಿಲು ಇರಲಿ, ಫ್ಯಾನ್ ಮಾತ್ರ ಆಫ್ ಮಾಡಿ. ಆ ಪಟ್ಟಿಯನ್ನು ಪ್ರತಿ ಕೋಣೆಯ ಬಾಗಿಲಲ್ಲಿ, ಕಿಟಕಿಯ ಹತ್ತಿರ ಹಿಡಿದು ನೋಡಿ. ಒಂದು ದಿಕ್ಕಿಗೆ ವಾಲಿದರೆ ಗಾಳಿ ಹರಿಯುತ್ತಿದೆ. ಸುಮ್ನೆ ನೇತಾಡುತ್ತಿದ್ದರೆ ಆ ಕೋಣೆಯ ಗಾಳಿ ನಿಂತಿದೆ. ಊದಿನಕಡ್ಡಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ ಎಂದು ಸಲಹೆ ಕೊಡುವವರಿದ್ದಾರೆ. ಉಬ್ಬಸ ಇರುವ ಮನೆಯಲ್ಲಿ ಅದು ಬೇಡ, ಪೇಪರ್ ಸಾಕು.

ಎರಡನೇ ಪರೀಕ್ಷೆ ಮೂಗಿನದು. ಮನೆಯೊಳಗೇ ಇದ್ದರೆ ಮುಗ್ಗಲು ವಾಸನೆ ಗೊತ್ತಾಗುವುದಿಲ್ಲ, ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಕೊಂಡುಬಿಡುತ್ತದೆ. ಊರಿಗೆ ಹೋಗಿ ಬಂದು ಬೀಗ ತೆಗೆದಾಗ ಮೊದಲ ಉಸಿರಿನಲ್ಲಿ ಏನು ವಾಸನೆ ಬಂತು, ಯಾವ ಕೋಣೆಯಿಂದ ಬಂತು ಎಂಬುದನ್ನು ನೆನಪಿಟ್ಟುಕೊಳ್ಳಿ. ಬೀರುವಿನ ಹಿಂದೆ, ಮಂಚದ ಕೆಳಗೆ, ಸಿಂಕ್ ಕೆಳಗಿನ ಕಬೋರ್ಡಿನಲ್ಲಿ ಟಾರ್ಚ್ ಹಾಕಿ ನೋಡಿ.

ಮೂರನೆಯದು, ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮಲಗುವ ಕೋಣೆಯಲ್ಲಿಡಿ. ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಬಹಳ ಚೆನ್ನ. 60 ದಾಟಿ ದಿನಗಟ್ಟಲೆ ಅಲ್ಲೇ ನಿಂತರೆ ಬೂಷ್ಟಿಗೂ ಧೂಳಿನ ನುಸಿಗೂ ಹಬ್ಬ. ಮಳೆಗಾಲದ ಬೆಳಗ್ಗೆ ನಮ್ಮ ಕಡೆ ಹೊರಗೇ 80 ದಾಟಿರುತ್ತದೆ, ಆಗ ಗಾಬರಿ ಬೇಡ. ಮಧ್ಯಾಹ್ನಕ್ಕೆ ಅದು ಇಳಿಯುತ್ತದೋ ಇಲ್ಲವೋ ಎಂಬುದೇ ಮುಖ್ಯ.

ಜೊತೆಗೆ ಒಂದು ನೋಟ್‌ಬುಕ್. ಕೆಮ್ಮು, ಸೀನು, ಉಬ್ಬಸ ಯಾವ ಹೊತ್ತಿನಲ್ಲಿ, ಯಾವ ಕೋಣೆಯಲ್ಲಿ, ಅದಕ್ಕೆ ಮುಂಚೆ ಮನೆಯಲ್ಲಿ ಏನು ನಡೆದಿತ್ತು ಎಂದು ಬರೆಯಿರಿ. ಕಸ ಗುಡಿಸಿದರೇ, ಒಗ್ಗರಣೆ ಹಾಕಿದರೇ, ಪೂಜೆ ಆಯಿತೇ, ಮಳೆ ಬಂತೇ. ಕೆಲವೇ ವಾರದಲ್ಲಿ ನಿಮ್ಮ ಮನೆಯ ಶತ್ರು ಯಾರು ಎಂದು ಗೊತ್ತಾಗುತ್ತದೆ. ಡಾಕ್ಟರಿಗೂ ಈ ಪುಸ್ತಕ ತೋರಿಸಿ, ಅವರಿಗೆ ನಿಜಕ್ಕೂ ಉಪಯೋಗವಾಗುತ್ತದೆ.

ಅಡುಗೆಮನೆ: ದುಡ್ಡು ಖರ್ಚು ಮಾಡುವುದಾದರೆ ಮೊದಲು ಇಲ್ಲಿ

ಗ್ಯಾಸ್ ಒಲೆಗೆ ಹೊಗೆ ಇಲ್ಲ ಎಂದು ಧೈರ್ಯವಾಗಿರುತ್ತೇವೆ. ಆದರೆ ಆ ನೀಲಿ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಬರುತ್ತದೆ, ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ಎಣ್ಣೆ ಕಾದಾಗ, ಪೂರಿ ಬೋಂಡ ಕರಿದಾಗ ಕಣ್ಣಿಗೆ ಕಾಣದ ಸಣ್ಣ ಕಣಗಳು ಗಾಳಿಗೆ ಸೇರುತ್ತವೆ. ಇನ್ನು ಒಣಮೆಣಸಿನಕಾಯಿ ಹುರಿದ ಘಾಟು ದಮ್ಮು ಇಲ್ಲದವರನ್ನೂ ಬಿಡುವುದಿಲ್ಲ, ಅಲ್ವಾ.

ಎಕ್ಸಾಸ್ಟ್ ಫ್ಯಾನ್ ಬಹಳ ಮನೆಗಳಲ್ಲಿ ಇದೆ. ಸರಿಯಾಗಿ ಬಳಸುವವರು ಕಡಿಮೆ. ಒಲೆ ಹಚ್ಚುವ ಮುಂಚೆ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲಿ. ಘಾಟು ಹಾಲ್‌ವರೆಗೂ ಬಂದ ಮೇಲೆ ಸ್ವಿಚ್ ಒತ್ತಿ ಏನೂ ಪ್ರಯೋಜನವಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಫ್ಯಾನ್ ಪಕ್ಕದ ಕಿಟಕಿಯನ್ನೂ ತೆಗೆದಿಡುತ್ತಾರೆ, ಎರಡೂ ಇದ್ದರೆ ಇನ್ನೂ ಒಳ್ಳೆಯದಲ್ವಾ ಎಂದು. ಆಗ ಫ್ಯಾನ್ ಆ ಕಿಟಕಿಯಿಂದ ಬಂದ ಹೊಸ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಒಲೆಯ ಮೇಲಿನ ಹೊಗೆ ಅಲ್ಲೇ ಇರುತ್ತದೆ. ಆ ಕಿಟಕಿ ಮುಚ್ಚಿ. ದೂರದ ಹಾಲ್ ಕಿಟಕಿಯನ್ನು ಸ್ವಲ್ಪ ತೆಗೆಯಿರಿ. ಗಾಳಿ ಹಾಲ್‌ನಿಂದ ಅಡುಗೆಮನೆಗೆ ಬಂದು, ಒಲೆ ದಾಟಿ, ಫ್ಯಾನಿನಿಂದ ಹೊರಗೆ ಹೋಗಬೇಕು. ಟಿಶ್ಯೂ ಪಟ್ಟಿಯನ್ನು ಅಡುಗೆಮನೆ ಬಾಗಿಲಲ್ಲಿ ಹಿಡಿದರೆ ಅದು ಒಳಗೆ ವಾಲಬೇಕು. ವಾಲಿದರೆ ಘಾಟು ಬೆಡ್‌ರೂಮಿಗೆ ಹೋಗುವುದಿಲ್ಲ.

ಎಷ್ಟು ದೊಡ್ಡ ಫ್ಯಾನ್ ಬೇಕು? ಲೆಕ್ಕ ಸುಲಭ. 8 ಅಡಿ ಅಗಲ, 10 ಅಡಿ ಉದ್ದ, 10 ಅಡಿ ಎತ್ತರದ ಅಡುಗೆಮನೆ ಎಂದರೆ 800 ಘನ ಅಡಿ ಗಾಳಿ. ಗಂಟೆಗೆ 15 ಸಲ ಅದು ಬದಲಾಗಬೇಕು ಎಂದಿಟ್ಟುಕೊಂಡರೆ 12,000 ಘನ ಅಡಿ, ಅಂದರೆ ಸುಮಾರು 340 ಘನ ಮೀಟರ್. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಬರೆದಿರುತ್ತದೆ. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ಹೊರಗೆ ಜಾಲರಿ, ಜಿಡ್ಡು, ಪೈಪು ಎಲ್ಲ ಸೇರಿದರೆ ಅಷ್ಟು ಬರುವುದಿಲ್ಲ, ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಇರುವುದನ್ನೇ ತನ್ನಿ. ಸಾಮಾನ್ಯವಾಗಿ ಅಡುಗೆಮನೆಗೆ 9 ಇಂಚಿನದು, ಬಚ್ಚಲಿಗೆ 6 ಇಂಚಿನದು ಸರಿಹೋಗುತ್ತದೆ. ಒಲೆ ಇರುವ ಗೋಡೆಯಲ್ಲೇ, ಆದಷ್ಟು ಮೇಲೆ ಕೂರಿಸಿ. ಬಾಗಿಲ ನೆತ್ತಿಯ ಮೇಲೆ ಕೂರಿಸಿದರೆ ಹೊಗೆ ಇಡೀ ಅಡುಗೆಮನೆ ಸುತ್ತಿ ಆಮೇಲೆ ಹೋಗುತ್ತದೆ.

ಚಿಮಣಿ ಕೊಳ್ಳುವವರಿಗೆ ಒಂದೇ ಮಾತು: ಪೈಪ್ ಇಲ್ಲದ ಡಕ್ಟ್‌ಲೆಸ್ ಚಿಮಣಿ ಬೇಡ. ಅದು ಜಿಡ್ಡು ಹಿಡಿಯುತ್ತದೆ, ವಾಸನೆ ಸ್ವಲ್ಪ ತಗ್ಗಿಸುತ್ತದೆ, ಆಮೇಲೆ ಅದೇ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಉರಿಯಿಂದ ಬರುವ ಅನಿಲ, ಹಬೆ ಎಲ್ಲೂ ಹೋಗುವುದಿಲ್ಲ. ಪೈಪ್ ಇರುವುದನ್ನು ತಂದು, ಪೈಪನ್ನು ಆದಷ್ಟು ಗಿಡ್ಡವಾಗಿ, ಜಾಸ್ತಿ ತಿರುವು ಇಲ್ಲದೆ ಹೊರಗೆ ಬಿಡಿಸಿ. ಫ್ಯಾನಾಗಲಿ ಚಿಮಣಿಯಾಗಲಿ, ತಿಂಗಳಿಗೊಮ್ಮೆ ಬಿಸಿನೀರು, ಅಡುಗೆ ಸೋಡಾ ಹಾಕಿ ಜಿಡ್ಡು ತೆಗೆಯದಿದ್ದರೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಮೈಸೂರಿನ 30×40 ಸೈಟಿನ ಮನೆಗಳಲ್ಲಿ ಇನ್ನೊಂದು ತಾಪತ್ರಯ. ಎರಡು ಮನೆಗಳ ನಡುವೆ ಒಬ್ಬರು ಅಡ್ಡವಾಗಿ ನಡೆಯುವಷ್ಟು ಸಂದಿ. ನಿಮ್ಮ ಎಕ್ಸಾಸ್ಟ್ ಅವರ ಬೆಡ್‌ರೂಮ್ ಕಿಟಕಿಗೆ, ಅವರದು ನಿಮ್ಮ ಕಿಟಕಿಗೆ. ಜಗಳ ಆಡುವ ಬದಲು ಇಬ್ಬರೂ ಒಂದೊಂದು ಪಿವಿಸಿ ಎಲ್ಬೋ ಹಾಕಿ ಪೈಪನ್ನು ತಾರಸಿ ಕಡೆಗೆ ಎತ್ತರಕ್ಕೆ ತಿರುಗಿಸಿಕೊಳ್ಳುವುದು ಒಳ್ಳೆಯದು.

ಮಲಗುವ ಕೋಣೆ

ದಿನದ ಮೂರನೇ ಒಂದು ಭಾಗ ಇಲ್ಲೇ ಕಳೆಯುತ್ತೇವೆ, ದಮ್ಮು ಬರುವುದೂ ರಾತ್ರಿಯ ಹೊತ್ತೇ ಜಾಸ್ತಿ. ಕಿಟಕಿ, ಬಾಗಿಲು ಹಾಕಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು ಬೆವರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಹಬೆಯಾಗಿ ಕೋಣೆಯ ಗಾಳಿಗೆ ಸೇರಿರುತ್ತದೆ. ಅದು ಹಾಸಿಗೆಗೆ, ತಣ್ಣನೆಯ ಹೊರಗೋಡೆಗೆ ಹೋಗಿ ಕೂರುತ್ತದೆ.

ಆ ತೇವ ಬೇಕಾಗಿರುವುದು ಧೂಳಿನ ನುಸಿಗೆ. ಮಿಲಿಮೀಟರಿನ ಮೂರನೇ ಒಂದರಷ್ಟೂ ಇಲ್ಲದ ಈ ಹುಳ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಗೆ ಏಳುತ್ತದೆ, ಅಲರ್ಜಿ ಆಗುವುದು ಅದರಿಂದ. ಈ ಹುಳ ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ತೇವ 50ಕ್ಕಿಂತ ಕೆಳಗೆ ಇಳಿದು ಹಾಗೇ ಉಳಿದರೆ ಒಣಗಿ ಸಾಯುತ್ತದೆ. ಆದ್ದರಿಂದ ಕೋಣೆಯ ಗಾಳಿ ಬದಲಾಗುತ್ತಿರಬೇಕು ಎನ್ನುವುದು ಬರೀ ತಾಜಾತನದ ಮಾತಲ್ಲ, ನುಸಿಗೆ ನೀರು ಸಿಗದ ಹಾಗೆ ಮಾಡುವ ಕೆಲಸ.

ಎದ್ದ ತಕ್ಷಣ ಹಾಸಿಗೆಯನ್ನು ನೀಟಾಗಿ ಮುಚ್ಚಬೇಡಿ. ಹೊದಿಕೆ ಸರಿಸಿ, ಫ್ಯಾನ್ ಹಾಕಿ, ಹೊರಗೆ ಹೊಗೆ ಇಲ್ಲದಿದ್ದರೆ ಎದುರುಬದುರು ಕಿಟಕಿ-ಬಾಗಿಲು ತೆಗೆದು ಅರ್ಧ ಗಂಟೆ ಬಿಡಿ. ಹಾಸಿಗೆಯ ಬಿಸಿ, ತೇವ ಆರಲಿ. ದಿಂಬಿನ ಕವರ್, ಬೆಡ್‌ಶೀಟ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 55-60 ಡಿಗ್ರಿ ಬಿಸಿ ಇದ್ದರೆ ನುಸಿ ಸಾಯುತ್ತದೆ, ತಣ್ಣೀರಿನಲ್ಲಿ ಬದುಕಿಕೊಳ್ಳುತ್ತದೆ. ಹತ್ತಿ ಹಾಸಿಗೆ, ಕಂಬಳಿಯನ್ನು ಬೇಸಿಗೆಯಲ್ಲಿ ತಾರಸಿಯ ಬಿಸಿಲಿಗೆ ಹಾಕುವ ಅಜ್ಜಿಯರ ಅಭ್ಯಾಸ ಸರಿಯಾದದ್ದೇ. ಬಡಿದು ಧೂಳು ತೆಗೆಯುವಾಗ ಮಾತ್ರ ಅಲರ್ಜಿ ಇರುವವರು ಹತ್ತಿರ ಇರಬಾರದು.

ಹೊರಗೆ ಹೊಗೆ ಇಲ್ಲದ ರಾತ್ರಿ ಕಿಟಕಿಯನ್ನು ಒಂದೆರಡು ಇಂಚಾದರೂ ತೆಗೆದಿಡಿ, ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದಿ ಇರಲಿ. ಹಳೆ ಮನೆಯಲ್ಲಿ ಕಿಟಕಿಯ ಮೇಲೆ ವೆಂಟಿಲೇಟರ್ ಇದ್ದರೆ ನೀವು ಅದೃಷ್ಟವಂತರು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗಲಿ ಎಂದೇ ಅದನ್ನು ಇಟ್ಟದ್ದು. ಬಹಳ ಕಡೆ ಅದಕ್ಕೆ ರಟ್ಟು ಅಂಟಿಸಿರುತ್ತಾರೆ, ಇಲ್ಲ ಪಾರಿವಾಳ ಬರುತ್ತದೆ ಎಂದು ಗಾಜು ಹಾಕಿಸಿರುತ್ತಾರೆ. ಗಾಜು ತೆಗೆಸಿ ಜಾಲರಿ ಹಾಕಿಸಿ.

ಬೀರು, ವಾರ್ಡ್‌ರೋಬ್ ಹೊರಗೋಡೆಗೆ ಅಂಟಿಕೊಂಡಿರುವುದು ಬೇಡ. ಮೂರು ನಾಲ್ಕು ಇಂಚು ಸರಿಸಿ, ಹಿಂದೆ ಗಾಳಿ ಆಡಲಿ. ಬಟ್ಟೆಗೆ ಹಾಕುವ ನುಸಿ ಗುಳಿಗೆಯ ವಾಸನೆಯೂ ಕೆಲವರಿಗೆ ಆಗುವುದಿಲ್ಲ, ಆ ಕೋಣೆಯಲ್ಲಿ ಬಿಟ್ಟುಬಿಡಿ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಬೆಡ್‌ರೂಮಿನ ಫ್ಯಾನ್ ಕೆಳಗೆ ಹರವುವುದು ಎಲ್ಲರ ಮನೆಯ ಕಥೆ. ಬಟ್ಟೆ ಒಣಗಿತು ಎಂದರೆ ಆ ನೀರೆಲ್ಲ ಕೋಣೆಯ ಗಾಳಿಗೆ ಹೋಯಿತು ಎಂದೇ ಅರ್ಥ. ಬಾಲ್ಕನಿ, ಪೋರ್ಟಿಕೋ, ಮೆಟ್ಟಿಲ ಮೇಲಿನ ಹೆಡ್‌ರೂಮ್, ಎಲ್ಲೂ ಇಲ್ಲದಿದ್ದರೆ ಎಕ್ಸಾಸ್ಟ್ ಹಾಕಿದ ಬಚ್ಚಲುಮನೆಯಲ್ಲಿ ಹಾಕಿ.

ಕಿಟಕಿಯ ಲೆಕ್ಕ ಮತ್ತು ಎದುರುಬದುರು ದಾರಿ

ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಕೋಣೆಯ ನೆಲದ ಅಳತೆಯ ಹತ್ತನೇ ಒಂದರಿಂದ ಆರನೇ ಒಂದು ಭಾಗದಷ್ಟು, ಆಯಾ ಊರಿನ ಹವೆ ನೋಡಿಕೊಂಡು, ಗಾಳಿಗೆ ತೆರೆದ ಜಾಗ ಇರಬೇಕು. 10×12 ಅಡಿ ಕೋಣೆಗೆ 12ರಿಂದ 20 ಚದರ ಅಡಿ. 4×4 ಅಡಿ ಕಿಟಕಿ ಎಂದರೆ 16, ಸರಿ ಇದೆ ಅನಿಸುತ್ತದೆ. ಆದರೆ ಈಗ ಎಲ್ಲರೂ ಹಾಕಿಸುತ್ತಿರುವ ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ ಮಾತ್ರ. ಉಳಿಯಿತು 8. ಅದರ ಮೇಲೆ ಧೂಳು ಕಟ್ಟಿದ ಸೊಳ್ಳೆ ಮೆಶ್, ಅದರ ಮೇಲೆ ದಪ್ಪ ಪರದೆ. ಹೊರಗೆ ಗಾಳಿ ಇದ್ದರೂ ಒಳಗೆ ಸೆಕೆ ಎಂದು ಎಸಿ ಹಾಕಿಸುವ ಮುಂಚೆ ಮೆಶ್ ತೊಳೆದು ನೋಡಿ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಪರದೆ ತೆಳು ಇರಲಿ, ಒಗೆಯುವ ಹಾಗಿರಲಿ.

ಅಕ್ಕಪಕ್ಕ ಗೋಡೆ ಅಂಟಿಕೊಂಡಿರುವ ಮನೆಗಳಲ್ಲಿ ಗಾಳಿಗೆ ಮುಂದೆ ಮತ್ತು ಹಿಂದೆ ಎರಡೇ ದಾರಿ. ಮುಂದಿನ ಹಾಲ್ ಕಿಟಕಿ, ಹಿಂದಿನ ಯುಟಿಲಿಟಿ ಬಾಗಿಲು, ನಡುವಿನ ಬಾಗಿಲುಗಳು ಎಲ್ಲ ಒಟ್ಟಿಗೆ ಹತ್ತು ಹದಿನೈದು ನಿಮಿಷ ತೆರೆದರೆ ಮನೆಯ ಗಾಳಿ ಪೂರ್ತಿ ಬದಲಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡುವುದು, ಇಡೀ ದಿನ ಒಂದೇ ಕಿಟಕಿ ತೆಗೆದಿಡುವುದಕ್ಕಿಂತ ಎಷ್ಟೋ ಮೇಲು. ಮೆಟ್ಟಿಲು ಮನೆಯೊಳಗೇ ಇದ್ದರೆ ಮೇಲಿನ ಹೆಡ್‌ರೂಮ್ ಬಾಗಿಲು ಅಥವಾ ಕಿಟಕಿ ತೆಗೆದುನೋಡಿ, ಬಿಸಿ ಗಾಳಿ ಅಲ್ಲಿಂದ ಏರಿ ಹೋಗಿ ಕೆಳಗಿನ ಕಿಟಕಿಗಳಿಂದ ಹೊಸ ಗಾಳಿ ತಾನಾಗಿ ಬರುತ್ತದೆ. ನಮ್ಮ ಕಡೆಯ ತೊಟ್ಟಿ ಮನೆಗಳಲ್ಲಿ ನಡುವಿನ ತೊಟ್ಟಿ ಇದೇ ಕೆಲಸ ಮಾಡುತ್ತಿತ್ತು. ಈಗ ಆ ತೊಟ್ಟಿಗಳ ಮೇಲೆ ಫೈಬರ್ ಶೀಟ್ ಹಾಕಿ ಪೂರ್ತಿ ಮುಚ್ಚಿಬಿಡುತ್ತಾರೆ. ಶೀಟ್ ಹಾಕಲೇಬೇಕೆಂದರೆ ಒಂದು ಅಡಿ ಎತ್ತರಿಸಿ, ಸುತ್ತ ಜಾಲರಿ ಬಿಡಿಸಿ. ಮಳೆಯೂ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ.

ಸೀಲಿಂಗ್ ಫ್ಯಾನ್, ಸ್ಪ್ಲಿಟ್ ಎಸಿ ಎರಡೂ ಒಳಗಿನ ಗಾಳಿಯನ್ನೇ ತಿರುಗಿಸುತ್ತವೆ, ಹೊರಗಿನಿಂದ ಏನೂ ತರುವುದಿಲ್ಲ. ಎಸಿ ಹಾಕಿ ಮಲಗುವವರು ಮಲಗುವ ಮುಂಚೆ, ಎದ್ದ ಮೇಲೆ ಕೋಣೆಗೆ ಚೆನ್ನಾಗಿ ಗಾಳಿ ಆಡಿಸಿ, ಎಸಿಯ ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಿರಿ.

ಬಚ್ಚಲು, ಗೀಸರ್, ನೀರೊಲೆ

ಅಟ್ಯಾಚ್ಡ್ ಬಾತ್‌ರೂಮಿನ ಹಬೆ ಬಾಗಿಲು ತೆಗೆದ ಕೂಡಲೇ ಬೆಡ್‌ರೂಮಿಗೆ ಬರುತ್ತದೆ. ಸ್ನಾನ ಆದ ಮೇಲೆ ಬಾಗಿಲು ಹಾಕಿ, ಎಕ್ಸಾಸ್ಟ್ ಇಪ್ಪತ್ತು ನಿಮಿಷ ಓಡಲಿ, ಬಾಗಿಲ ಕೆಳಗಿನ ಸಂದಿಯಿಂದ ಅದಕ್ಕೆ ಗಾಳಿ ಸಿಗುತ್ತದೆ. ನೆಲದ ನೀರನ್ನು ವೈಪರ್‌ನಿಂದ ಎಳೆದುಬಿಟ್ಟರೆ ಅರ್ಧ ತೇವ ಅಲ್ಲೇ ಕಡಿಮೆ.

ಗ್ಯಾಸ್ ಗೀಸರ್ ವಿಷಯ ಅಲರ್ಜಿಗಿಂತ ದೊಡ್ಡದು, ಪ್ರಾಣದ ಪ್ರಶ್ನೆ. ಮುಚ್ಚಿದ ಬಚ್ಚಲಿನೊಳಗೆ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೀಸರನ್ನು ಹೊರಗಡೆ, ಯುಟಿಲಿಟಿಯ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಎಕ್ಸಾಸ್ಟ್ ಇದೆ ಎಂಬ ಧೈರ್ಯದ ಮೇಲೆ ಒಳಗೆ ಬೇಡವೇ ಬೇಡ.

ಮಂಡ್ಯದ ಹಳ್ಳಿಗಳಲ್ಲಿ ಹಂಡೆ ನೀರೊಲೆ ಇನ್ನೂ ಇದೆ. ತೆಂಗಿನ ಗರಿ, ಮಟ್ಟೆ ಧಾರಾಳವಾಗಿ ಸಿಗುವಾಗ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಅದು ನನಗೂ ಗೊತ್ತು. ಒಲೆಯ ಬಾಯಿ ಹೊರಗೋಡೆಯ ಕಡೆ ಇರಲಿ, ಉರಿ ಹಾಕುವುದು ಹಿತ್ತಲಿಂದ, ನೀರು ತೆಗೆದುಕೊಳ್ಳುವುದು ಒಳಗಿಂದ. ಹೊಗೆ ಕೊಳವೆ ಸೂರಿನ ಮಟ್ಟಕ್ಕೇ ನಿಲ್ಲದೆ ಅದಕ್ಕಿಂತ ಮೇಲೆ ಹೋಗಲಿ. ಗರಿ ಹಸಿ ಇದ್ದರೆ ಹೊಗೆ ದುಪ್ಪಟ್ಟು, ಒಣಗಿದ್ದನ್ನೇ ಹಾಕಿ. ಪ್ಲಾಸ್ಟಿಕ್ ಕವರ್ ಹಾಕಿ ಉರಿ ಹಚ್ಚುವುದನ್ನು ಇವತ್ತಿಗೇ ನಿಲ್ಲಿಸಿ.

ನಾವೇ ಹಚ್ಚುವ ಹೊಗೆ

ಊದಿನಕಡ್ಡಿಯ ಊರಿನಲ್ಲಿ ಕೂತು ಊದಿನಕಡ್ಡಿ ಹಚ್ಚಬೇಡಿ ಎಂದರೆ ಸಿಟ್ಟು ಬರಬಹುದು. ಆದರೂ ಹೇಳಲೇಬೇಕು. ಊದಿನಕಡ್ಡಿ, ಧೂಪ, ಸಾಂಬ್ರಾಣಿ, ಕರ್ಪೂರ, ಪರಿಮಳ ಎಷ್ಟೇ ಚೆನ್ನಾಗಿದ್ದರೂ ಶ್ವಾಸನಾಳಕ್ಕೆ ಹೊಗೆಯೇ. ದೀಪ, ಹೂವು, ಗಂಧದಿಂದ ಪೂಜೆಗೆ ಏನೂ ಕೊರತೆ ಆಗುವುದಿಲ್ಲ. ಕಡ್ಡಿ ಬೇಕೇ ಬೇಕೆಂದರೆ ಒಂದೇ ಹಚ್ಚಿ, ತುಳಸಿಕಟ್ಟೆಯ ಮುಂದೆ ಹೊರಗೆ ಸಿಕ್ಕಿಸಿ. ಮಗುವಿಗೆ ತಲೆಗೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ಉಬ್ಬಸದ ಮನೆಯಲ್ಲಿ ಪೂರ್ತಿ ನಿಲ್ಲಬೇಕು.

ಸೊಳ್ಳೆ ಬತ್ತಿ ಇನ್ನೂ ಕೆಟ್ಟದ್ದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸೊಳ್ಳೆ ಬತ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು ಕಂಡುಬಂತು. ಅದನ್ನು ಹಚ್ಚಿ, ಸೊಳ್ಳೆ ಬರಬಾರದು ಎಂದು ಕಿಟಕಿ ಮುಚ್ಚಿ, ಅದರ ಪಕ್ಕ ಮಗುವನ್ನು ಮಲಗಿಸುತ್ತೇವೆ. ನಾಲೆ ಬಯಲಿನ ಊರುಗಳಲ್ಲಿ ಸೊಳ್ಳೆ ಕಾಟ ಎಷ್ಟು ಎಂದು ಗೊತ್ತು. ಕಿಟಕಿಗೆ ಮೆಶ್, ಮಂಚಕ್ಕೆ ಸೊಳ್ಳೆ ಪರದೆ, ಎರಡೂ ಇದ್ದರೆ ಕಿಟಕಿ ತೆಗೆದೇ ಮಲಗಬಹುದು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಕಸ ಗುಡಿಸುವಾಗ ಕಿಟಕಿ ತೆಗೆದಿರಲಿ, ಅಲರ್ಜಿ ಇರುವವರು ಬೇರೆ ಕಡೆ ಇರಲಿ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು.

ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು

ಬೇಸಿಗೆಯಲ್ಲಿ, ಅಂದರೆ ಮಾರ್ಚ್ ಏಪ್ರಿಲ್‌ನಲ್ಲಿ, ಬೆಳಗ್ಗೆ ಮತ್ತು ರಾತ್ರಿ ತೆಗೆಯಿರಿ, ಮಧ್ಯಾಹ್ನ ಮುಚ್ಚಿ. ಇದರಲ್ಲಿ ಕಷ್ಟವೇನಿಲ್ಲ.

ಮಳೆಗಾಲದಲ್ಲಿ ಉಲ್ಟಾ. ರಾತ್ರಿ, ಬೆಳಗಿನ ಜಾವ ಹೊರಗಿನ ಗಾಳಿಯೇ ಒದ್ದೆ. ಮಳೆ ನಿಂತು ಸ್ವಲ್ಪ ಬಿಸಿಲು ಬಂದ ಹೊತ್ತು, ಹನ್ನೊಂದರಿಂದ ನಾಲ್ಕರ ನಡುವೆ, ಮನೆಯೆಲ್ಲ ತೆಗೆದು ಗಾಳಿ ಆಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ. ಪಶ್ಚಿಮದ ಕಿಟಕಿ ಒಳಬರುವ ದಾರಿ, ಪೂರ್ವದ್ದು ಹೊರಹೋಗುವ ದಾರಿ. ಚಳಿಗಾಲದಲ್ಲಿ ಇದು ಅದಲುಬದಲು. ಮಳೆಯ ಜೊತೆಗೆ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಸೊಂಪಾಗಿ ಎದ್ದು ಬಿಳಿ ಹೂ ಬಿಡುತ್ತದೆ. ದಟ್ಟಗಳ್ಳಿ, ಬೋಗಾದಿ ಕಡೆ ಹೊಸ ಬಡಾವಣೆಗಳಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಅದರ ಪರಾಗ ಬಹಳ ಜನಕ್ಕೆ ಸೀನು, ಉಬ್ಬಸ ತರುತ್ತದೆ, ಗಿಡ ಮುಟ್ಟಿದರೆ ಚರ್ಮಕ್ಕೂ ತುರಿಕೆ. ಹೂ ಬಿಡುವ ಮುಂಚೆಯೇ ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬೇರು ಸಮೇತ ಕೀಳಿಸಿ, ಸುಡಬೇಡಿ. ಹೂ ಬಿಟ್ಟಿದ್ದರೆ ಆ ಸೈಟಿನ ಕಡೆಯ ಕಿಟಕಿ ಮುಚ್ಚಿ ಇನ್ನೊಂದು ಕಡೆಯದು ತೆಗೆಯಿರಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಜಾಸ್ತಿ ಎಚ್ಚರ ಬೇಕು. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬಿಸಿ. ಹೊಗೆ ಮೇಲೇರದೆ ಕೆಳಗೇ ತೇಲುತ್ತದೆ. ವಾಕಿಂಗ್ ಹೋಗುವಾಗ ಮಂಜು ಎಂದು ನೋಡಿ ಖುಷಿಪಡುವುದರಲ್ಲಿ ಎಲೆ ಸುಟ್ಟ ಹೊಗೆಯೂ ಸೇರಿರುತ್ತದೆ. ಬಿಸಿಲು ಏರಿದ ಮೇಲೆ, ಒಂಬತ್ತೂವರೆ ಹತ್ತರ ನಂತರ ಕಿಟಕಿ ತೆಗೆಯಿರಿ, ಸಂಜೆ ಐದೂವರೆಗೆ ಮುಚ್ಚಿ. ಮಂಡ್ಯ ಕಡೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ತರಗು ಸುಡುತ್ತಾರೆ, ಆಲೆಮನೆ ಹೊಗೆ ಬೇರೆ. ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹಾಕಿ ಒಕ್ಕಣೆ ಮಾಡುವ ದಿನಗಳಲ್ಲಿ ರಸ್ತೆ ಕಡೆಯ ಕಿಟಕಿ ತೆಗೆಯಲೇಬೇಡಿ, ಹಿಂದಿನದು ಸಾಕು. ದೀಪಾವಳಿಯ ಮೂರು ರಾತ್ರಿ, ಸಂಕ್ರಾಂತಿ ಸಂಜೆ ಕಿಚ್ಚು ಹಾಯಿಸುವ ಹೊತ್ತು ಮನೆ ಮುಚ್ಚಿ, ಮಾರನೆಯ ದಿನ ಬಿಸಿಲಿಗೆ ತೆರೆಯಿರಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಮೈಸೂರಿನ ಹೆಬ್ಬಾಳದ ಮಾಪನ ಕೇಂದ್ರದ ಅಂಕಿ ನೋಡಬಹುದು. ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳಿಗೆ ದಿನದ ಸರಾಸರಿ ಮಿತಿ ನಮ್ಮ ದೇಶದಲ್ಲಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹೆಬ್ಬಾಳದ ಅಂಕಿ ನಿಮ್ಮ ಬೀದಿಯದ್ದಲ್ಲ. ಪಕ್ಕದ ಬೀದಿಯಲ್ಲಿ ಕಸ ಸುಡುವುದು ಆ್ಯಪ್‌ಗೆ ಕಾಣುವುದಿಲ್ಲ, ಮೂಗಿಗೆ ಕಾಣುತ್ತದೆ.

ಬೂಷ್ಟು ಹಿಡಿದಿದ್ದರೆ

ಗಾಳಿ ಎಷ್ಟೇ ಆಡಿಸಿದರೂ ನೀರು ಬರುತ್ತಲೇ ಇದ್ದರೆ ಬೂಷ್ಟು ಹೋಗುವುದಿಲ್ಲ. ತಾರಸಿಯ ಬಿರುಕು, ಒಡೆದ ಪೈಪು, ಬಾತ್‌ರೂಮ್ ಹಿಂದಿನ ಗೋಡೆ, ನೆಲದಿಂದ ಮೇಲೆ ಏರುವ ತೇವ, ಮೊದಲು ಅದನ್ನು ಹುಡುಕಿ ನಿಲ್ಲಿಸಿ. ಒದ್ದೆಯಾದ ಜಾಗವನ್ನು ಒಂದೆರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಶುರುವಾಗುತ್ತದೆ. ಸಣ್ಣ ಜಾಗವಾದರೆ ಸೋಪು ನೀರಿನಿಂದ ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಒಣಗಿರುವಾಗ ಕೆರೆದರೆ ಅದರ ಪುಡಿ ಮನೆಯೆಲ್ಲ ಹರಡುತ್ತದೆ. ಈ ಕೆಲಸವನ್ನು ದಮ್ಮು ಇರುವವರು ಮಾಡಬಾರದು, ಮಾಡುವವರು ಮಾಸ್ಕ್ ಹಾಕಿಕೊಳ್ಳಲಿ. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎರಡನ್ನೂ ಒಟ್ಟಿಗೆ ಎಂದೂ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ತೇವ ಇರುವಾಗಲೇ ಮೇಲೆ ಪೇಂಟ್ ಬಳಿದು ಮುಚ್ಚುವುದು ದುಡ್ಡು ದಂಡ. ಹಳೆ ಮಣ್ಣಿನ ಗೋಡೆಗಳಿಗೆ ಸುಣ್ಣವೇ ಸರಿ. ಅದು ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ.

ರೇಷ್ಮೆ, ಹುಲ್ಲು, ಧಾನ್ಯ ಇರುವ ಮನೆ

ಮದ್ದೂರು, ಮಳವಳ್ಳಿ ಕಡೆ ರೇಷ್ಮೆ ಹುಳು ಸಾಕುವವರಿಗೆ ಒಂದು ಮಾತು. ಹುಳುವಿನ ಹಿಕ್ಕೆ, ಚಿಟ್ಟೆಯ ರೆಕ್ಕೆಯ ಪುಡಿ ಅಲರ್ಜಿ ತರುತ್ತದೆ. ವಾಸದ ಮನೆಯಲ್ಲೇ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಇಟ್ಟು ಅದೇ ಗಾಳಿಯಲ್ಲಿ ಮಲಗುವುದು ಬೇಡ, ಹುಳುಮನೆ ಬೇರೆಯೇ ಇರಲಿ, ಗಾಳಿ ಮನೆಯನ್ನು ದಾಟಿ ಹೋಗುವ ಕಡೆ ಇರಲಿ. ಸೋಂಕು ನಿವಾರಣೆಗೆ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಹೊಡೆಯುವ ದಿನ ದಮ್ಮು ಇರುವವರು ಆ ಕಡೆ ಸುಳಿಯಬಾರದು. ಅಟ್ಟದ ಮೇಲಿನ ಹುಲ್ಲು, ಮೂಲೆಯ ರಾಗಿ-ಭತ್ತದ ಚೀಲವನ್ನೂ ಮಲಗುವ ಕೋಣೆಯಿಂದ ಆಚೆಗೆ ಸಾಗಿಸಿ. ಚೀಲ ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಟ್ಟರೆ ಧಾನ್ಯಕ್ಕೂ ಮುಗ್ಗಲು ಹಿಡಿಯುವುದಿಲ್ಲ.

ಬಾಡಿಗೆ ಮನೆ, ಏರ್ ಪ್ಯೂರಿಫೈಯರ್

ಬಾಡಿಗೆ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನಿಗೆಂದು ಗೋಡೆ ಒಡೆಯುವ ಹಾಗಿಲ್ಲ. ಕಿಟಕಿಯ ಒಂದು ಗಾಜು ತೆಗೆಸಿ, ಅದೇ ಅಳತೆಯ ಅಕ್ರಿಲಿಕ್ ಶೀಟಿನಲ್ಲಿ ಫ್ಯಾನಿಗೆ ತೂತು ಕೊರೆಸಿ ಕೂರಿಸಿ. ಮನೆ ಬಿಡುವಾಗ ಗಾಜು ವಾಪಸ್ ಹಾಕಿಸಿದರಾಯಿತು, ಓನರ್ ಒಪ್ಪದೇ ಇರಲು ಕಾರಣವಿಲ್ಲ. ಮುಂಚೆ ಹೇಳಿ ಮಾಡಿಸಿ.

ಹೆಪಾ ಫಿಲ್ಟರ್ ಇರುವ ಪ್ಯೂರಿಫೈಯರ್ ಧೂಳು, ಪರಾಗ, ಹೊಗೆಯ ಕಣಗಳನ್ನು ಹಿಡಿಯುತ್ತದೆ. ತೇವ, ಗ್ಯಾಸ್ ಒಲೆಯ ಅನಿಲ ಅದಕ್ಕೆ ಸಿಗುವುದಿಲ್ಲ. ಕಿಟಕಿ ಮುಚ್ಚಲೇಬೇಕಾದ ದಿನಗಳಲ್ಲಿ ಮಲಗುವ ಕೋಣೆಗೆ ಒಳ್ಳೆಯದು. ಎಕ್ಸಾಸ್ಟ್ ಇಲ್ಲದ ಮನೆಗೆ ಮೊದಲು ಪ್ಯೂರಿಫೈಯರ್ ತರುವುದು ನನ್ನ ಪ್ರಕಾರ ತಲೆಕೆಳಗಾದ ಲೆಕ್ಕ.

ಹೊಸ ಮನೆ ಕಟ್ಟಿಸುತ್ತಿದ್ದರೆ

ಲಿಂಟಲ್ ಹಾಕುವ ಮುಂಚೆ ಮೇಸ್ತ್ರಿಗೆ ಹೇಳಿ: ಪ್ರತಿ ಕೋಣೆಗೂ ಎರಡು ಗೋಡೆಯಲ್ಲಿ ತೆರವು, ಕಿಟಕಿಯ ಮೇಲೆ ವೆಂಟಿಲೇಟರ್, ಅಡುಗೆಮನೆಗೆ ಒಲೆಯ ನೇರಕ್ಕೆ 9 ಇಂಚಿನ ಫ್ಯಾನ್ ಕೂರುವಷ್ಟು ತೂತು, ಚಿಮಣಿಗೆ 6 ಇಂಚಿನ ಪೈಪಿನ ದಾರಿ, ಪ್ರತಿ ಬಚ್ಚಲಿಗೂ ಎಕ್ಸಾಸ್ಟ್ ಜಾಗ ಮತ್ತು ಅಲ್ಲಿಗೇ ಒಂದು ಸ್ವಿಚ್ ಪಾಯಿಂಟ್. ಪ್ಲಾಸ್ಟರ್ ಆದ ಮೇಲೆ ಕೊರೆಸಿದರೆ ದುಡ್ಡೂ ಜಾಸ್ತಿ, ಧೂಳೂ ಜಾಸ್ತಿ. ಕಿಟಕಿ ಸ್ಲೈಡಿಂಗ್ ಬದಲು ಪೂರ್ತಿ ತೆರೆಯುವ ಬಾಗಿಲಿನದ್ದಾಗಲಿ. ಪೇಂಟ್ ಮುಗಿದ ಮಾರನೆಯ ದಿನವೇ ಗೃಹಪ್ರವೇಶದ ಮುಹೂರ್ತ ಇಟ್ಟುಕೊಳ್ಳಬೇಡಿ, ಪೇಂಟ್, ಪಾಲಿಶ್ ವಾಸನೆ ಹೋಗಲು ಎರಡು ಮೂರು ವಾರವಾದರೂ ಮನೆ ತೆರೆದು ಬಿಡಿ. ಹೋಮದ ದಿನ ಹೊಸ ಮನೆಯ ಬಾಗಿಲು, ಕಿಟಕಿ, ವೆಂಟಿಲೇಟರ್ ಎಲ್ಲ ತೆಗೆದಿರಲಿ, ಎಕ್ಸಾಸ್ಟ್ ಓಡುತ್ತಿರಲಿ. ದಮ್ಮು ಇರುವವರು ಹೊರಗೆ ಶಾಮಿಯಾನದ ಕೆಳಗೆ ಕೂತಿದ್ದು, ಹೊಗೆ ಇಳಿದ ಮೇಲೆ ಒಳಗೆ ಬಂದು ಮಂಗಳಾರತಿ ತೆಗೆದುಕೊಂಡರೆ ಸಾಕು.